ಮಲ್ಪೆಯ ಮರಳಿಗೆ ಬಿದ್ದ ಹಿಡಿಗಾತ್ರದ ಹಕ್ಕಿ ನಿಜಕ್ಕೂ ದಕ್ಷಿಣ ಧ್ರುವದ ಕಡೆಯದೇ?

ಪ್ರಶ್ನೆ: ಜುಲೈ ತಿಂಗಳ ಗಾಳಿಮಳೆಯಲ್ಲಿ ಮಲ್ಪೆ ಹತ್ತಿರ ಮರಳಿನ ಮೇಲೆ ಒಂದು ಪುಟ್ಟ ಕಪ್ಪು ಹಕ್ಕಿ ಕೂತಿತ್ತು. ಬಾಲದ ಬುಡದಲ್ಲಿ ಬಿಳಿ ಪಟ್ಟೆ. ಕಾಲು ಮುರಿದ ಹಾಗೆ ತೆವಳುತ್ತಿತ್ತು. ನೀರಿಗೆ ಬಿಟ್ಟೆವು, ಅಲೆ ಮತ್ತೆ ದಡಕ್ಕೆ ತಂದು ಹಾಕಿತು. ಇದು ಅಂಟಾರ್ಕ್ಟಿಕಾದಿಂದ ಬರುವ ಹಕ್ಕಿ ಎಂದು ಒಬ್ಬರು ಹೇಳಿದರು. ಇಷ್ಟು ಸಣ್ಣ ಜೀವ ಅಷ್ಟು ದೂರ ಬರುವುದು ಹೇಗೆ? ಕುಡಿಯುವ ನೀರು, ನಿದ್ದೆ, ದಾರಿ ಇವಕ್ಕೆಲ್ಲ ಏನು ಮಾಡುತ್ತದೆ? ಹಕ್ಕಿ ವರ್ಷಕ್ಕೆ 70 ಸಾವಿರ ಕಿಲೋಮೀಟರ್ ಹಾರುತ್ತದೆ ಎನ್ನುತ್ತಾರಲ್ಲ, ಅದನ್ನು ಅಳೆದವರು ಹೇಗೆ ಅಳೆದರು? ಮತ್ತೊಮ್ಮೆ ಸಿಕ್ಕರೆ ನಾವು ಏನು ಮಾಡಬೇಕು?

ಉತ್ತರ: ನಿಮ್ಮ ವರ್ಣನೆಗೆ ಸರಿಯಾಗಿ ಹೊಂದುವುದು ವಿಲ್ಸನ್ ಸ್ಟಾರ್ಮ್ ಪೆಟ್ರೆಲ್. ತೂಕ 35–40 ಗ್ರಾಂ, ಅಂದರೆ ಗುಬ್ಬಚ್ಚಿಗಿಂತ ತುಸು ಹೆಚ್ಚು. ಮೈಯೆಲ್ಲ ಮಸಿ ಬಣ್ಣ, ಬಾಲದ ಬುಡದಲ್ಲಿ ಬಿಳಿ, ಹಾರುವಾಗ ಬಾಲದಿಂದಾಚೆ ಚಾಚುವ ಉದ್ದ ಕಾಲು, ಬೆರಳುಗಳ ನಡುವೆ ಹಳದಿ ಪೊರೆ. ಅರಬ್ಬಿ ಸಮುದ್ರಕ್ಕೆ ಸ್ವಿನ್‌ಹೋ ಸ್ಟಾರ್ಮ್ ಪೆಟ್ರೆಲ್ ಎಂಬ ಇನ್ನೊಂದು ಕಪ್ಪು ಹಕ್ಕಿಯೂ ಬರುತ್ತದೆ. ಆದರೆ ಅದರ ಬಾಲದ ಬುಡ ಕಪ್ಪೇ, ಬಿಳಿ ಪಟ್ಟೆ ಇರುವುದಿಲ್ಲ, ಮತ್ತು ಅದು ಬರುವುದು ಪೂರ್ವ ಏಷ್ಯಾದ ದ್ವೀಪಗಳಿಂದ.

ನಿಮಗೆ ಹೇಳಿದವರ ಮಾತು ಹೆಚ್ಚುಕಡಿಮೆ ಸರಿ. ವಿಲ್ಸನ್ ಪೆಟ್ರೆಲ್ ಮರಿ ಮಾಡುವುದು ಅಂಟಾರ್ಕ್ಟಿಕಾದ ಕರಾವಳಿಯಲ್ಲಿ ಮತ್ತು ಅದರ ಸುತ್ತಲಿನ ತಣ್ಣನೆಯ ದ್ವೀಪಗಳಲ್ಲಿ. ಕಾಲಿಗೆ ಗುರುತಿನ ಉಂಗುರವಿಲ್ಲದಿದ್ದರೆ ಇಂಥದ್ದೇ ದ್ವೀಪದ ಹಕ್ಕಿ ಎಂದು ಯಾರೂ ಹೇಳಲಾರರು. ದೂರದ ಅಂದಾಜು ಬೇಕಿದ್ದರೆ ಭೂಪಟ ತೆಗೆದು ಕೆರ್ಗ್ಯುಲೆನ್ ದ್ವೀಪಗಳನ್ನು ಹುಡುಕಿ. ಅವು ಸುಮಾರು 49 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ಮಲ್ಪೆಯಿಂದ ಬಹುತೇಕ ನೇರ ದಕ್ಷಿಣಕ್ಕಿವೆ. ಮಲ್ಪೆ 13 ಡಿಗ್ರಿ ಉತ್ತರದಲ್ಲಿದೆ. ನಡುವೆ 62 ಡಿಗ್ರಿ. ಡಿಗ್ರಿಗೆ 111 ಕಿಲೋಮೀಟರಿನಂತೆ ಸುಮಾರು 6,900 ಕಿಲೋಮೀಟರ್. ಇದು ಗೆರೆ ಎಳೆದ ದೂರ. ಹಕ್ಕಿ ಗೆರೆ ಹಿಡಿದು ಹಾರುವುದಿಲ್ಲ.

ಬರುವ ಕಾರಣ ಸರಳ. ನಮ್ಮ ಬೇಸಿಗೆ ಮತ್ತು ಮಳೆಗಾಲದ ತಿಂಗಳುಗಳು ಅಲ್ಲಿ ಚಳಿಗಾಲ. ಡಿಸೆಂಬರ್ ಹೊತ್ತಿಗೆ ಕಲ್ಲಿನ ಸಂದಿಯಲ್ಲಿ ಒಂದೇ ಮೊಟ್ಟೆ ಇಟ್ಟು, ಮರಿ ಬೆಳೆಸಿ, ಮಾರ್ಚ್–ಏಪ್ರಿಲ್‌ನಲ್ಲಿ ಹೊರಡುತ್ತವೆ. ತಡಮಾಡಿದರೆ ಹಿಮ ಬಿದ್ದು ಗೂಡಿನ ಬಾಯಿ ಮುಚ್ಚಿಹೋಗಿ ಮರಿ ಒಳಗೇ ಹಸಿವಿನಿಂದ ಸಾಯುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದಲ್ಲಿ ಇವು ಸಾಮಾನ್ಯ. ಮುಂಗಾರು ಗಾಳಿ ನಮ್ಮ ಕರಾವಳಿಯ ಮೇಲ್ಪದರದ ನೀರನ್ನು ಸರಿಸಿದಾಗ ತಳದ ತಣ್ಣೀರು ಗೊಬ್ಬರದಂಥ ಸತ್ವದೊಂದಿಗೆ ಮೇಲೇಳುತ್ತದೆ, ಸೂಕ್ಷ್ಮಸಸ್ಯ ಹುಲುಸಾಗುತ್ತದೆ. ಬೂತಾಯಿ, ಬಂಗುಡೆಗೆ ಊಟವಾಗುವುದು ಇದೇ ಸುಗ್ಗಿ. ಟ್ರಾಲಿಂಗ್ ನಿಷೇಧ ಮುಗಿಸಿ ಆಗಸ್ಟ್‌ನಲ್ಲಿ ಬೋಟು ಹೊರಡುವವರು ಮತ್ತು ಕೆರ್ಗ್ಯುಲೆನ್‌ನಂಥ ಕಡೆಯಿಂದ ಬಂದ ಪೆಟ್ರೆಲ್, ಇಬ್ಬರ ಕಣ್ಣೂ ಒಂದೇ ಸುಗ್ಗಿಯ ಮೇಲೆ.

"ಇಷ್ಟು ಸಣ್ಣ ಹಕ್ಕಿ" ಎಂಬ ನಿಮ್ಮ ಬೆರಗಿನಲ್ಲಿ ಒಂದು ತಪ್ಪು ಎಣಿಕೆ ಇದೆ. ನಾವು ಸಮುದ್ರ ದಾಟುವುದನ್ನು ಮರುಭೂಮಿ ದಾಟಿದ ಹಾಗೆ ಊಹಿಸುತ್ತೇವೆ: ಬುತ್ತಿ ಕಟ್ಟಿಕೊಂಡು, ನಡುವೆ ಎಲ್ಲೂ ಕೂರದೆ, ಆಚೆ ದಡ ಸೇರಬೇಕು ಎಂದು. ಗದ್ದೆ, ಕೆಸರು ನೆಲದ ಹಕ್ಕಿಗಳಿಗೆ ಅದು ನಿಜ. ಬಾರ್-ಟೇಲ್ಡ್ ಗಾಡ್‌ವಿಟ್ ಎಂಬ ಗೊರವದ ಬಂಧು 2022ರಲ್ಲಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಸುಮಾರು 13,560 ಕಿಲೋಮೀಟರನ್ನು 11 ದಿನ ಎಲ್ಲೂ ಇಳಿಯದೆ ಹಾರಿತು. ಅದಕ್ಕೆ ನೀರಿನ ಮೇಲೆ ಕೂತು ಮೇಯಲು ಬರುವುದಿಲ್ಲ. ಹೊರಡುವ ಮೊದಲು ಮೈಗೆ ಹಚ್ಚಿಕೊಂಡ ಕೊಬ್ಬೇ ಇಂಧನ. ಪೆಟ್ರೆಲ್‌ಗೆ ಆ ತಾಪತ್ರಯವಿಲ್ಲ. ಅದಕ್ಕೆ ಕಡಲೇ ಮನೆ, ಮೊಟ್ಟೆ ಇಡಲು ಮಾತ್ರ ನೆಲ ಬೇಕು. ನೀರಿನ ಮೇಲೆ ರೆಕ್ಕೆ ಎತ್ತಿ ಹಿಡಿದು, ಗಾಳಿಗೆ ಎದುರಾಗಿ ನಿಂತು, ಕಾಲಿನಿಂದ ಅಲೆಯನ್ನು ತಟತಟ ತಟ್ಟುತ್ತ ಮೇಲ್ಪದರದ ಸಣ್ಣ ಜೀವಿಗಳನ್ನು ಹೆಕ್ಕುತ್ತದೆ. ಬೋಟಿನ ಹಿಂದೆ ನೀರಿನ ಮೇಲೆ ನಡೆದಾಡುವಂತೆ ಕಾಣುವ ಕಪ್ಪು ಹಕ್ಕಿ ಇದೇ. ಹೊಟ್ಟೆಯಲ್ಲಿ ಆಹಾರದ ಕೊಬ್ಬನ್ನು ಎಣ್ಣೆಯಾಗಿ ಕೂಡಿಟ್ಟುಕೊಳ್ಳುವ ಏರ್ಪಾಡೂ ಉಂಟು. ಮೇವು ಸಿಗದ ದಿನ ಅದು ಕೈಗೆ ಬರುತ್ತದೆ.

ಇನ್ನು 70 ಸಾವಿರದ ಲೆಕ್ಕ. ಅದು ಪೆಟ್ರೆಲ್‌ದಲ್ಲ, ಆರ್ಕ್ಟಿಕ್ ಟರ್ನ್‌ದು. ನಮ್ಮ ಹೊಳೆಯ ಮೇಲೆ ಕಾಣುವ ರೀವ ಹಕ್ಕಿಯ ವಂಶದ್ದು, 110 ಗ್ರಾಂ ಆಸುಪಾಸು. ಗ್ರೀನ್‌ಲ್ಯಾಂಡ್ ಮತ್ತು ಐಸ್‌ಲ್ಯಾಂಡ್‌ನ 11 ಹಕ್ಕಿಗಳ ಕಾಲಿಗೆ 1.4 ಗ್ರಾಂ ತೂಕದ ಉಪಕರಣ ಕಟ್ಟಿ ಪಡೆದ, 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ವರ್ಷದ ಸರಾಸರಿ ಓಡಾಟ 70,900 ಕಿಲೋಮೀಟರ್. ನೆದರ್ಲೆಂಡ್ಸ್‌ನ ಹಕ್ಕಿಗಳು ಇನ್ನೂ ಮುಂದೆ ಹೋದವು: ಆಫ್ರಿಕಾದ ತುದಿ ಸುತ್ತಿ, ಹಿಂದೂ ಮಹಾಸಾಗರದ ಆಮ್‌ಸ್ಟರ್‌ಡ್ಯಾಂ ದ್ವೀಪದ ಬಳಿ ತಂಗಿ, ಆಮೇಲೆ ಅಂಟಾರ್ಕ್ಟಿಕಾದ ಅಂಚು ಸೇರಿದವು, ಲೆಕ್ಕ 90 ಸಾವಿರ ಮುಟ್ಟಿತು.

ಇಷ್ಟು ದೂರ ಹಾರಿದರೆ ಚಂದ್ರನಿಗೆ ಎಷ್ಟು ಸಲ ಹೋದ ಹಾಗಾಯಿತು ಎಂಬ ಲೆಕ್ಕ ಎಲ್ಲ ಕಡೆ ಓದಲು ಸಿಗುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. 70,900ನ್ನು 365ರಿಂದ ಭಾಗಿಸಿ ನೋಡಿ, ದಿನಕ್ಕೆ 194 ಕಿಲೋಮೀಟರ್. ಗಂಟೆಗೆ 40ರಂತೆ ಹಾರಿದರೆ ಐದು ಗಂಟೆಯೂ ಬೇಡ. ರೆಕ್ಕೆಯಲ್ಲೇ ಬದುಕುವ, ಮೀನಿಗಾಗಿ ಹೇಗೂ ದಿನವಿಡೀ ಹಾರಬೇಕಾದ ಹಕ್ಕಿಗೆ ಇದು ಅತಿಶಯವಲ್ಲ. ಅತಿಶಯ ಇರುವುದು ದಾರಿ ಆರಿಸುವುದರಲ್ಲಿ.

ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್‌ನ ಆ 11 ಹಕ್ಕಿಗಳು ದಕ್ಷಿಣಕ್ಕೆ ಹೋಗಲು ಸರಾಸರಿ 93 ದಿನ ತೆಗೆದುಕೊಂಡವು. ಮೊದಲು ಉತ್ತರ ಅಟ್ಲಾಂಟಿಕ್‌ನ ನಡುವೆ ಮೂರು ವಾರಕ್ಕೂ ಹೆಚ್ಚು ಕಾಲ ಮೇಯುತ್ತ ನಿಂತವು. ಮುಂದೆ ಉಷ್ಣವಲಯದ ನೀರಿನಲ್ಲಿ ಊಟ ಕಡಿಮೆ ಎಂಬುದು ಗೊತ್ತಿರುವಂತೆ. ಆಫ್ರಿಕಾದ ಪಶ್ಚಿಮಕ್ಕೆ ಕೇಪ್ ವರ್ಡೆ ದ್ವೀಪಗಳ ಹತ್ತಿರ ದಾರಿ ಎರಡಾಯಿತು: 7 ಹಕ್ಕಿ ಆಫ್ರಿಕಾದ ಕರಾವಳಿ ಹಿಡಿದವು, 4 ಸಾಗರ ಅಡ್ಡ ದಾಟಿ ಬ್ರೆಜಿಲ್ ಕರಾವಳಿ ಹಿಡಿದವು. ಎಲ್ಲವೂ ಕೊನೆಗೆ ಸೇರಿದ್ದು ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರದ ಹಿಮದಂಚಿಗೆ. ಮರಳುವಾಗ ಮಾತ್ರ ಬರೀ 40 ದಿನ, ದಿನಕ್ಕೆ ಸುಮಾರು 520 ಕಿಲೋಮೀಟರ್. ಆ ದಾರಿಯನ್ನು ಭೂಪಟದ ಮೇಲೆ ಬರೆದರೆ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಕಾಣುತ್ತದೆ. ಕಾರಣ ಗಾಳಿ. ಉತ್ತರ ಅಟ್ಲಾಂಟಿಕ್‌ನಲ್ಲಿ ಗಾಳಿಯ ದೊಡ್ಡ ಚಕ್ರ ಪ್ರದಕ್ಷಿಣೆಯಾಗಿ ಸುತ್ತುತ್ತದೆ, ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಅಪ್ರದಕ್ಷಿಣೆಯಾಗಿ. ಹಕ್ಕಿ ಎರಡೂ ಚಕ್ರಗಳ ಅಂಚಿನಲ್ಲಿ, ಬೆನ್ನಿಗೆ ಗಾಳಿ ಸಿಗುವ ಬದಿಯಲ್ಲೇ ಹೋಗುತ್ತದೆ. ಸಾವಿರಾರು ಕಿಲೋಮೀಟರ್ ಸುತ್ತು ನಿಜ, ಆದರೆ ಎದುರುಗಾಳಿಯ ನೇರ ದಾರಿಗಿಂತ ಅಗ್ಗ.

ಇದನ್ನು ಅಳೆಯುವ ಉಪಕರಣದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬಹಳ ಜನ ಅದನ್ನು ಜಿಪಿಎಸ್ ಎಂದುಕೊಂಡಿದ್ದಾರೆ. ಹಕ್ಕಿಗೆ ಕಟ್ಟುವ ಭಾರ ಅದರ ತೂಕದ ಶೇ. 3 ಮೀರಬಾರದು ಎಂಬುದು ರೂಢಿಯ ನಿಯಮ. 110 ಗ್ರಾಂ ಟರ್ನ್‌ಗೆ ಅದು 3.3 ಗ್ರಾಂ, ನಿಮ್ಮ 36 ಗ್ರಾಂ ಪೆಟ್ರೆಲ್‌ಗೆ ಒಂದು ಗ್ರಾಂ ಚಿಲ್ಲರೆ. ಆಕಾಶಕ್ಕೆ ಸಂದೇಶ ಕಳಿಸುವ ಉಪಗ್ರಹ ಟ್ಯಾಗ್ ಇದಕ್ಕೆ ಭಾರವಾಗುತ್ತದೆ. ಹಾಗಾಗಿ ಕಟ್ಟುವುದು ಜಿಯೋಲೊಕೇಟರ್. ಅದರಲ್ಲಿರುವುದು ಮೂರೇ ಸಾಮಾನು: ಬೆಳಕಿನ ಸಂವೇದಕ, ಗಡಿಯಾರ, ನೆನಪಿನ ಚಿಪ್. ಕೆಲವು ಮಿನಿಟಿಗೊಮ್ಮೆ ಬೆಳಕೆಷ್ಟು ಎಂದು ಬರೆದಿಡುತ್ತದೆ, ಅಷ್ಟೇ. ಮಿಕ್ಕಿದ್ದು ಪಂಚಾಂಗದ ಗಣಿತ. ಸೂರ್ಯೋದಯ, ಸೂರ್ಯಾಸ್ತದ ನಡುವಿನ ಹಗಲಿನ ಉದ್ದದಿಂದ ಅಕ್ಷಾಂಶ ಸಿಗುತ್ತದೆ. ಅವೆರಡರ ನಟ್ಟನಡುವಿನ ಹೊತ್ತು, ಅಂದರೆ ಅಲ್ಲಿಯ ನಡುಮಧ್ಯಾಹ್ನ, ರೇಖಾಂಶ ಕೊಡುತ್ತದೆ. ಗ್ರೀನ್‌ವಿಚ್ ಸಮಯಕ್ಕೆ ಹೊಂದಿಸಿದ ಗಡಿಯಾರದಲ್ಲಿ ಹಕ್ಕಿಯ ನಡುಮಧ್ಯಾಹ್ನ 14 ಗಂಟೆಗೆ ಬಂದರೆ ಗ್ರೀನ್‌ವಿಚ್‌ಗಿಂತ ಎರಡು ಗಂಟೆ ಹಿಂದೆ. ಗಂಟೆಗೆ 15 ಡಿಗ್ರಿಯಂತೆ ಹಕ್ಕಿ ಇರುವುದು ಸುಮಾರು 30 ಡಿಗ್ರಿ ಪಶ್ಚಿಮದಲ್ಲಿ.

ಎಡವುವ ಜಾಗಗಳೂ ಇದರಲ್ಲೇ ಇವೆ. ಗಡಿಯಾರ ನಾಲ್ಕು ಮಿನಿಟು ತಪ್ಪಿದರೆ ಸ್ಥಳ ಒಂದು ಡಿಗ್ರಿ, ಸಮಭಾಜಕದಲ್ಲಿ 111 ಕಿಲೋಮೀಟರ್, ತಪ್ಪುತ್ತದೆ. ದಟ್ಟ ಮೋಡ ಕವಿದರೆ ಅಥವಾ ಹಕ್ಕಿ ಕಾಲನ್ನು ಪುಕ್ಕದೊಳಗೆ ಸೇರಿಸಿ ಕೂತರೆ ಸೂರ್ಯ ಬೇಗ ಮುಳುಗಿದ ಹಾಗೆ ದಾಖಲಾಗುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್ ವಿಷುವದ ಆಸುಪಾಸಿನಲ್ಲಿ ಭೂಮಿಯ ಎಲ್ಲ ಕಡೆ ಹಗಲು ಹೆಚ್ಚುಕಡಿಮೆ 12 ಗಂಟೆ; ಆಗ ಹಗಲಿನ ಉದ್ದದಿಂದ ಅಕ್ಷಾಂಶ ಹೇಳುವುದು ಆಗದ ಮಾತು, ಆ ದಿನಗಳ ಅಂಕಿ ಬಿಟ್ಟುಬಿಡುತ್ತಾರೆ. ಧ್ರುವದ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲವಾದ್ದರಿಂದ ಅಲ್ಲೂ ಉಪಕರಣ ಕೈಕೊಡುತ್ತದೆ, ಮತ್ತು ಆರ್ಕ್ಟಿಕ್ ಟರ್ನ್ ಎರಡೂ ಧ್ರುವಗಳ ಬೇಸಿಗೆ ಹಿಡಿದು ಓಡಾಡುವ ಹಕ್ಕಿ! ಎಲ್ಲ ಸರಿಹೋದರೂ ಸ್ಥಳದಲ್ಲಿ ನೂರೈವತ್ತು ಇನ್ನೂರು ಕಿಲೋಮೀಟರ್ ವ್ಯತ್ಯಾಸ ಸಾಮಾನ್ಯ. ಸಾಗರದ ಲೆಕ್ಕದಲ್ಲಿ ಅದು ನಡೆಯುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಉಪಕರಣ ಏನನ್ನೂ ಕಳಿಸುವುದಿಲ್ಲ. ಮರುವರ್ಷ ಅದೇ ಗೂಡಿನ ಬಳಿ ಅದೇ ಹಕ್ಕಿಯನ್ನು ಮತ್ತೆ ಹಿಡಿದು ಬಿಚ್ಚಬೇಕು. ಹಕ್ಕಿ ಬರಲಿಲ್ಲವೆಂದರೆ ಮಾಹಿತಿಯೂ ಬರಲಿಲ್ಲ.

ಎಲ್ಲ ಕಡಲಹಕ್ಕಿಯೂ ಟರ್ನ್‌ನಂತೆ ರೆಕ್ಕೆ ಬಡಿದು ಹಾರುವುದಿಲ್ಲ. ಮೂರೂವರೆ ಮೀಟರ್‌ವರೆಗೆ ರೆಕ್ಕೆ ಚಾಚುವ ವಾಂಡರಿಂಗ್ ಆಲ್ಬಟ್ರಾಸ್ ಗಂಟೆಗಟ್ಟಲೆ ರೆಕ್ಕೆ ಆಡಿಸದೆ ಹೋಗಬಲ್ಲದು. ಅಲೆಯ ಮೇಲೆಯೇ ಗಾಳಿ ನೀರಿಗೆ ಉಜ್ಜಿ ನಿಧಾನವಾಗಿರುತ್ತದೆ, ಹತ್ತು ಹದಿನೈದು ಮೀಟರ್ ಎತ್ತರದಲ್ಲಿ ಜೋರು. ಹಕ್ಕಿ ಗಾಳಿಗೆ ಮುಖಕೊಟ್ಟು ಮೇಲೇರುತ್ತದೆ. ಏರಿದಷ್ಟೂ ಎದುರಿನ ಗಾಳಿ ಜೋರಾಗುವುದರಿಂದ ರೆಕ್ಕೆಯ ಮೇಲಿನ ಹರಿವು ಕುಗ್ಗುವುದಿಲ್ಲ. ತುದಿಯಲ್ಲಿ ಓರೆಯಾಗಿ ತಿರುಗಿ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಜಾರಿ ಇಳಿಯುತ್ತದೆ, ಅಲೆಯ ತಗ್ಗಿನಲ್ಲಿ ಮತ್ತೆ ತಿರುಗುತ್ತದೆ. ಒಂದು ಸುತ್ತಿಗೆ ಹತ್ತು ಸೆಕೆಂಡು ಆಸುಪಾಸು. ಚಾಚಿದ ರೆಕ್ಕೆಯನ್ನು ಹಿಡಿದಿಡಲು ಸ್ನಾಯು ದಣಿಯಬೇಕಿಲ್ಲ, ಭುಜದಲ್ಲಿ ಬೀಗದಂಥ ಸ್ನಾಯುರಜ್ಜು ಇದೆ. ಗ್ರೇ-ಹೆಡೆಡ್ ಆಲ್ಬಟ್ರಾಸ್ ಒಂದು ಹೀಗೆ ದಕ್ಷಿಣದ ಸಾಗರಗಳಲ್ಲಿ 46 ದಿನಕ್ಕೆ ಭೂಮಿ ಸುತ್ತಿದೆ. ಗಾಳಿ ನಿಂತಿತೋ, ಇದೇ ಧೀರ ನೀರಿನ ಮೇಲೆ ಬಾತುಕೋಳಿಯಂತೆ ತೇಲುತ್ತ ಕಾಯಬೇಕು. ಸಮಭಾಜಕದ ಗಾಳಿಯಿಲ್ಲದ ಪಟ್ಟಿಯನ್ನು ಆಲ್ಬಟ್ರಾಸ್‌ಗಳು ಸಾಮಾನ್ಯವಾಗಿ ದಾಟದೆ ಇರುವುದು ಇದಕ್ಕೇ.

ಕುಡಿಯುವ ನೀರಿನ ಪ್ರಶ್ನೆಗೆ ಚಿಕ್ಕ ಉತ್ತರ: ಸಮುದ್ರದ್ದೇ. ಸಮುದ್ರದ ನೀರಿನಲ್ಲಿ ಉಪ್ಪು ಶೇ. 3.5. ಹಕ್ಕಿಯ ಮೂತ್ರಪಿಂಡ ಅಷ್ಟನ್ನು ಹೊರಹಾಕಲಾರದು. ಆ ಕೆಲಸ ಕಣ್ಣಿನ ಮೇಲ್ಬದಿಯ ಉಪ್ಪಿನ ಗ್ರಂಥಿಗಳದ್ದು. ಅವು ಸುಮಾರು ಶೇ. 5ರಷ್ಟು ಉಪ್ಪಿರುವ ದ್ರವ ಮಾಡಿ ಮೂಗಿನಿಂದ ಹೊರಬಿಡುತ್ತವೆ. ಪೆಟ್ರೆಲ್‌ಗಳ ಕೊಕ್ಕಿನ ಮೇಲೆ ಕೊಳವೆಯಂತೆ ಕಾಣುವುದು ಮೂಗಿನ ಹೊಳ್ಳೆ. ದಡದಲ್ಲಿ ಸಿಕ್ಕ ಹಕ್ಕಿಯ ಕೊಕ್ಕಿನಿಂದ ನೀರು ತೊಟ್ಟಿಕ್ಕಿದರೆ ನೆಗಡಿ ಎಂದು ಗಾಬರಿಪಡಬೇಡಿ.

ನಿದ್ದೆ ಹೆಚ್ಚಿನವು ಮಾಡುವುದು ನೀರಿನ ಮೇಲೆ ತೇಲುತ್ತ. ಫ್ರಿಗೇಟ್ ಹಕ್ಕಿಗೆ ಮಾತ್ರ ಅದೂ ಸಾಧ್ಯವಿಲ್ಲ, ಅದರ ಪುಕ್ಕ ನೀರು ತಡೆಯುವುದಿಲ್ಲ. ಗಲಾಪಗೋಸ್‌ನ ಫ್ರಿಗೇಟ್ ಹಕ್ಕಿಗಳ ಮಿದುಳಿನ ಅಲೆ ದಾಖಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವು ಹಾರುತ್ತಲೇ ದಿನಕ್ಕೆ ಸರಾಸರಿ 42 ಮಿನಿಟು ನಿದ್ರಿಸಿದ್ದವು, ಅದೂ ಸೆಕೆಂಡುಗಳ ತುಣುಕಾಗಿ, ಹಲವು ಸಲ ಮಿದುಳಿನ ಒಂದು ಪಾಲು ಮಾತ್ರ. ಗೂಡಿಗೆ ಮರಳಿದ ಮೇಲೆ 12 ಗಂಟೆಗೂ ಹೆಚ್ಚು ನಿದ್ದೆ ಹೊಡೆದವು.

ದಾರಿಯ ಗುಟ್ಟು ಒಂದೇ ಇಲ್ಲ. ಸೂರ್ಯ, ನಕ್ಷತ್ರ, ಭೂಮಿಯ ಕಾಂತಬಲ ಎಲ್ಲಕ್ಕೂ ಪಾಲಿದೆ. ಆದರೆ ಪೆಟ್ರೆಲ್ ಮತ್ತು ಅದರ ಬಂಧುಗಳಾದ ಶಿಯರ್‌ವಾಟರ್ ಎಂಬ ಕಡಲಹಕ್ಕಿಗಳ ವಿಷಯದಲ್ಲಿ ಮೂಗಿನ ಪಾಲು ನಾವೆಣಿಸಿದ್ದಕ್ಕಿಂತ ಬಹಳ ದೊಡ್ಡದು. ಅಜೋರ್ಸ್ ದ್ವೀಪದ ಕೋರಿ ಶಿಯರ್‌ವಾಟರ್‌ಗಳನ್ನು 800 ಕಿಲೋಮೀಟರ್ ದೂರ ಒಯ್ದು ಬಿಟ್ಟ ಪ್ರಯೋಗದಲ್ಲಿ, ತಲೆಗೆ ಅಯಸ್ಕಾಂತ ಅಂಟಿಸಿ ಕಾಂತಬಲ ಕೆಡಿಸಿದ ಹಕ್ಕಿಗಳು ಸಲೀಸಾಗಿ ಮನೆ ಸೇರಿದವು. ವಾಸನೆ ತಿಳಿಯದಂತೆ ಮಾಡಿದವು ಸಾಗರದಲ್ಲಿ ದಿಕ್ಕುಗೆಟ್ಟು ಅಲೆದವು. ಮ್ಯಾಂಕ್ಸ್ ಶಿಯರ್‌ವಾಟರ್ ಒಂದನ್ನು 1952ರಲ್ಲಿ ವೇಲ್ಸ್‌ನ ಸ್ಕೋಕ್‌ಹಾಮ್ ದ್ವೀಪದಿಂದ ವಿಮಾನದಲ್ಲಿ ಅಮೆರಿಕದ ಬಾಸ್ಟನ್‌ಗೆ ಒಯ್ದು ಬಿಟ್ಟಾಗ ಹನ್ನೆರಡೂವರೆ ದಿನದಲ್ಲಿ ಅಟ್ಲಾಂಟಿಕ್ ದಾಟಿ ತನ್ನ ಬಿಲಕ್ಕೆ ಮರಳಿತ್ತು. ಮೊದಲ ಸಲ ಹೊರಡುವ ಮರಿಗಳ ಕಥೆ ಇನ್ನೂ ಸೋಜಿಗದ್ದು. ಶಿಯರ್‌ವಾಟರ್ ಜಾತಿಗಳಲ್ಲಿ ತಂದೆತಾಯಿ ಮೊದಲೇ ಹೊರಟುಬಿಡುತ್ತವೆ. ದಾರಿ ತೋರಿಸುವವರಿಲ್ಲದೆ ಮರಿ ಹೊರಟು ಸರಿಯಾದ ದಿಕ್ಕನ್ನೇ ಹಿಡಿಯುತ್ತದೆ.

ಊಟ ಹುಡುಕುವುದೂ ಮೂಗಿನಿಂದಲೇ. ಸೂಕ್ಷ್ಮಸಸ್ಯವನ್ನು ಕ್ರಿಲ್‌ನಂಥ ಸಿಗಡಿಜಾತಿಯ ಪುಟ್ಟ ಜೀವಿಗಳು ಮೇಯುವಾಗ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲ ಹೊರಬರುತ್ತದೆ. ನಾವು ಕಡಲ ವಾಸನೆ ಎನ್ನುವುದರಲ್ಲಿ ಅದೂ ಸೇರಿದೆ. ಅದರ ಜಾಡು ಹಿಡಿದರೆ ಊಟ. ತೊಂದರೆ ಏನಾಗಿದೆ ಎಂದರೆ, ಕಡಲಲ್ಲಿ ತೇಲುವ ಪ್ಲಾಸ್ಟಿಕ್ ಮೇಲೆ ಪಾಚಿ ಕಟ್ಟಿದಾಗ ಅದೂ ಇದೇ ವಾಸನೆ ಬೀರುತ್ತದೆ. ಹಕ್ಕಿ ಪ್ಲಾಸ್ಟಿಕ್ ತಿನ್ನುವುದು ಪೆದ್ದುತನದಿಂದಲ್ಲ. ಅದರ ಮೂಗು ಸರಿಯಾಗಿಯೇ ಕೆಲಸ ಮಾಡುತ್ತಿದೆ.

ಈಗ ನಿಮ್ಮ ಮರಳಿನ ಹಕ್ಕಿಗೆ ಬರೋಣ. ಸ್ಟಾರ್ಮ್ ಪೆಟ್ರೆಲ್ ನೆಲದ ಮೇಲೆ ನೆಟ್ಟಗೆ ನಿಲ್ಲಲಾರದು. ಪಾದದ ಮೇಲಲ್ಲ, ಮೊಣಕಾಲಿನಂತೆ ಕಾಣುವ ಗಂಟಿನವರೆಗೆ ಕಾಲನ್ನು ನೆಲಕ್ಕೆ ಹಾಸಿ ಕೂರುತ್ತದೆ, ಹಾಗೇ ತೆವಳುತ್ತದೆ. ಕಾಲು ಮುರಿದಿಲ್ಲ, ಕಟ್ಟು ಹಾಕಲು ಹೋಗಬೇಡಿ. ಆದರೆ ಅದು ದಡದಲ್ಲಿ ಕೂತಿದೆ ಎಂದರೆ ದಣಿವಾರಿಸಿಕೊಳ್ಳುತ್ತಿಲ್ಲ, ಸೋತಿದೆ. ದಿನಗಟ್ಟಲೆ ಬಿರುಗಾಳಿ ಬೀಸಿದಾಗ ಮೇಲ್ಪದರದಲ್ಲಿ ಹೆಕ್ಕಲಾಗದೆ ಹೊಟ್ಟೆಯ ಎಣ್ಣೆ, ಆಮೇಲೆ ಎದೆಯ ಮಾಂಸ ಕರಗುತ್ತದೆ. ಆ ಸ್ಥಿತಿಯಲ್ಲಿ ಗಾಳಿ ತಳ್ಳಿದ ಕಡೆ ಬೀಳುತ್ತದೆ. ಅಂಥದ್ದನ್ನು ಅಲೆಗೆ ಎಸೆದರೆ ನೆನೆದು, ಮರಳು ಮೆತ್ತಿಕೊಂಡು ಮತ್ತೆ ದಡಕ್ಕೇ ಬರುತ್ತದೆ. ದಡದಲ್ಲಿ ಕಾಗೆಯೂ ಗರುಡವೂ ಕಾದಿರುತ್ತವೆ.

ಮಾಡಬೇಕಾದ್ದು ಇಷ್ಟು. ಬರಿಗೈಯಲ್ಲಿ ಮುಟ್ಟಬೇಡಿ, ಕೆಲ ವರ್ಷಗಳಿಂದ ಹಕ್ಕಿಜ್ವರ ಕಡಲಹಕ್ಕಿಗಳಲ್ಲೂ ಹರಡಿದೆ, 2023ರಲ್ಲಿ ಅಂಟಾರ್ಕ್ಟಿಕಾ ಕಡೆಯ ದಕ್ಷಿಣ ಜಾರ್ಜಿಯಾ ದ್ವೀಪದ ಸ್ಕುವಾ ಎಂಬ ಕಡಲಹಕ್ಕಿಗಳವರೆಗೂ ಹೋಗಿದೆ. ಕೈಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಒಣ ಟವೆಲನ್ನು ತಲೆಯೂ ಮುಚ್ಚುವಂತೆ ಹೊದಿಸಿ ಎತ್ತಿ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಬಿಡಿ. ತಂತಿಯ ಪಂಜರ ಬೇಡ, ಬಡಿದಾಡಿ ಗರಿ ಮುರಿದುಕೊಳ್ಳುತ್ತದೆ. ಕತ್ತಲು, ನಿಶ್ಶಬ್ದ, ಮಳೆ ತಾಗದ ಜಾಗ. ಕೊಕ್ಕು ಬಿಡಿಸಿ ನೀರು ಹೊಯ್ಯಬೇಡಿ, ಶ್ವಾಸನಾಳಕ್ಕೆ ಹೋಗಿ ಸಾಯುತ್ತದೆ. ಅನ್ನ, ಹಾಲು, ಬ್ರೆಡ್ ಏನೂ ಕೊಡಬೇಡಿ. ಕೊಳೆಯಾಗಿದೆ ಎಂದು ಸೋಪು ಹಾಕಿ ತೊಳೆಯುವುದಂತೂ ಬೇಡವೇ ಬೇಡ, ಪುಕ್ಕದ ನೀರು ತಡೆಯುವ ಗುಣ ಹೋದರೆ ಕಡಲಿಗೆ ಬಿಟ್ಟ ಗಳಿಗೆಯೇ ಮುಳುಗುತ್ತದೆ. ತಡಮಾಡದೆ ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ. ದ್ರವಾಹಾರ ಕೊಡುವುದು ಪಶುವೈದ್ಯರ ಕೆಲಸ. ಚೇತರಿಸಿಕೊಂಡ ಪೆಟ್ರೆಲನ್ನು ಗಾಳಿ ತಗ್ಗಿದ ಮೇಲೆ, ಕತ್ತಲಾದ ಬಳಿಕ, ಸಾಧ್ಯವಾದರೆ ದೋಣಿಯಲ್ಲಿ ಅಲೆ ಒಡೆಯುವ ಗೆರೆಯಾಚೆ ಒಯ್ದು ಬಿಡುವುದು ಒಳ್ಳೆಯದು.

ಮುಂಗಾರಿನಲ್ಲಿ ಕೋಳಿಗಿಂತ ದೊಡ್ಡದಾದ, ಬಿಳಿ ಮೈ, ಕಪ್ಪು ರೆಕ್ಕೆಯಂಚಿನ ಮಾಸ್ಕ್ಡ್ ಬೂಬಿಯೂ ಒಮ್ಮೊಮ್ಮೆ ನಮ್ಮ ದಡಕ್ಕೆ ಬೀಳುತ್ತದೆ. ಅದರ ಕೊಕ್ಕು ಚೂರಿಯಂತೆ ಹರಿತ, ನೇರ ಕಣ್ಣಿಗೆ ಬರುತ್ತದೆ. ಹಿಡಿಯುವವರು ಕನ್ನಡಕ ಹಾಕಿಕೊಂಡಿರಬೇಕು. ಹೆದರಿ ಕೊಕ್ಕಿಗೆ ರಬ್ಬರ್ ಬ್ಯಾಂಡ್ ಅಥವಾ ಟೇಪು ಬಿಗಿದುಬಿಡುವವರಿದ್ದಾರೆ. ಬೂಬಿಗೆ ಹೊರಗಿನ ಮೂಗಿನ ಹೊಳ್ಳೆಗಳೇ ಇಲ್ಲ, ಬಾಯಿಯ ಅಂಚಿನಿಂದ ಉಸಿರಾಡುತ್ತದೆ. ಕೊಕ್ಕು ಬಿಗಿದರೆ ಪೆಟ್ಟಿಗೆಯೊಳಗೇ ಉಸಿರುಗಟ್ಟುತ್ತದೆ.

ಪೆಟ್ಟಿಗೆ ಮುಚ್ಚುವ ಮುಂಚೆ ಎರಡೂ ಕಾಲು ನೋಡಿ. ಲೋಹದ ಉಂಗುರವಿದ್ದರೆ ಬಿಚ್ಚಬೇಡಿ. ಅಕ್ಷರ, ಅಂಕಿ, ದೇಶ ಅಥವಾ ಸಂಸ್ಥೆಯ ಹೆಸರು ಕಾಣುವಂತೆ ಸುತ್ತಲೂ ಮೂರ್ನಾಲ್ಕು ಫೋಟೋ ತೆಗೆದು, ಸಿಕ್ಕ ಜಾಗ, ದಿನಾಂಕದ ಜೊತೆ ಅರಣ್ಯ ಇಲಾಖೆಯವರಿಗೂ, ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸವನ್ನು ಬಹುಕಾಲದಿಂದ ನಡೆಸುತ್ತಿರುವ ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೂ ಕಳಿಸಿ. ಸತ್ತ ಹಕ್ಕಿಯಾದರೂ ಸರಿ, ಇದನ್ನು ಮಾಡಿ. ಯಾವ ದ್ವೀಪದ್ದು ಎಂಬ ನಿಮ್ಮ ಪ್ರಶ್ನೆಗೆ ಖಚಿತ ಉತ್ತರ ಸಿಗುವುದು ಆ ಅಂಕಿಯಿಂದ.